ಗಡಿಯಾರದ ಸದ್ದು ಕೇಳಿಸುವ ಕಾರು

ನನ್ನ ಸೋದರಮಾವ ಶಿವಮೊಗ್ಗದಲ್ಲಿ 32 ವರ್ಷ ಗ್ಯಾರೇಜು ನಡೆಸಿದರು. ಅಂಬಾಸಿಡರ್ ಟ್ಯಾಕ್ಸಿಗಳು, ಮೆಟಡೋರ್ ವ್ಯಾನುಗಳು, ಅಡಿಕೆ ಮಂಡಿಗೆ ಮೂಟೆ ಹೊತ್ತು ತರುವ ಲಾರಿಗಳು ಅಲ್ಲಿಗೆ ಬರುತ್ತಿದ್ದವು. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದಾಗಲೆಲ್ಲ ನಾನು ಕಾದು ನೋಡುತ್ತಿದ್ದ ಒಂದು ದೃಶ್ಯವಿತ್ತು. ಮಾವ ಒಂದು ಮೊಳ ಉದ್ದದ ಸ್ಕ್ರೂಡ್ರೈವರ್ ಎತ್ತಿಕೊಂಡು, ಅದರ ತುದಿಯನ್ನು ಓಡುತ್ತಿರುವ ಎಂಜಿನ್ನಿನ ಮೈಗೆ ಊರಿ, ಮರದ ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಆ ಹೊತ್ತಿನಲ್ಲಿ ಗ್ಯಾರೇಜಿನಲ್ಲಿ ಯಾರೂ ಸುತ್ತಿಗೆ ಎತ್ತುವಂತಿರಲಿಲ್ಲ, ಮಾತಾಡುವಂತಿರಲಿಲ್ಲ. ಸ್ವಲ್ಪ ಹೊತ್ತಿನ ನಂತರ ಅವರು ಕಣ್ಣು ತೆರೆದು, ಇದು ಟ್ಯಾಪೆಟ್ ಸದ್ದು, ಇದು ವಾಟರ್ ಪಂಪಿನ ಬೇರಿಂಗು, ಇದು ಟೈಮಿಂಗ್ ಚೈನು ಎಂದು ಹೇಳಿಬಿಡುತ್ತಿದ್ದರು. ಬಿಚ್ಚಿ ನೋಡಿದಾಗ ಆ ಮಾತು ತಪ್ಪಾದದ್ದನ್ನು ನಾನು ಅಪರೂಪಕ್ಕೂ ಕಂಡಿಲ್ಲ.

ಆ ಗ್ಯಾರೇಜಿನಿಂದ ನಾನು ಬಹಳ ದೂರ ಬಂದೆ. ಹದಿನೆಂಟು ವರ್ಷಗಳಿಂದ ಬೆಂಗಳೂರಿನಲ್ಲಿ ಜಾಹೀರಾತುಗಳಿಗೆ ಕನ್ನಡ ಬರೆಯುವುದು ನನ್ನ ಉದ್ಯೋಗ. ಸಾಬೂನು, ಸಿಮೆಂಟು, ಚಿನ್ನದ ಸಾಲ, ಅಡುಗೆ ಎಣ್ಣೆ ಇವುಗಳಿಗೆಲ್ಲ ಬರೆದಿದ್ದೇನೆ. ಐಷಾರಾಮಿ ಕಾರಿಗೆ ಕನ್ನಡದಲ್ಲಿ ಬರೆದುಕೊಡಿ ಎಂದು ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ. ಆದರೂ ಈ ವೃತ್ತಿಯಲ್ಲಿ ನಾನು ಅತಿ ಹೆಚ್ಚು ಸಲ ಓದಿರುವ ಜಾಹೀರಾತು ಒಂದು ಐಷಾರಾಮಿ ಕಾರಿನದೇ. 1958ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಬಂದ ರೋಲ್ಸ್-ರಾಯ್ಸ್ ಜಾಹೀರಾತು ಅದು. ಬರೆದವರು ಡೇವಿಡ್ ಓಗಿಲ್ವಿ. ಅದರ ತಲೆಬರಹವನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ಗಂಟೆಗೆ 60 ಮೈಲಿ ವೇಗದಲ್ಲಿ ಈ ಹೊಸ ರೋಲ್ಸ್-ರಾಯ್ಸ್ ಕಾರಿನೊಳಗೆ ಕೇಳಿಸುವ ಅತಿ ದೊಡ್ಡ ಸದ್ದು ಅದರ ವಿದ್ಯುತ್ ಗಡಿಯಾರದ್ದು.

ಈ ವಾಕ್ಯವನ್ನು ನಾನು ಎಷ್ಟೋ ರೀತಿಯಲ್ಲಿ ಕನ್ನಡಿಸಿ ನೋಡಿದ್ದೇನೆ. ಮೊದಲು ವೇಗ, ಆಮೇಲೆ ಕಾರು, ಆಮೇಲೆ ಸದ್ದು, ಕಟ್ಟಕಡೆಗೆ ಗಡಿಯಾರ ಎಂಬ ಅನುಕ್ರಮವನ್ನು ಕನ್ನಡದ ವಾಕ್ಯರಚನೆ ತಾನಾಗಿಯೇ ಕಾಪಾಡಿಕೊಳ್ಳುತ್ತದೆ. ಅತಿ ದೊಡ್ಡ ಸದ್ದು ಎಂದಾಗ ಓದುಗರ ಮನಸ್ಸು ಎಂಜಿನ್ನಿನ ಕಡೆಗೋ ಗಾಳಿಯ ಕಡೆಗೋ ಓಡುತ್ತದೆ, ಅಷ್ಟರಲ್ಲಿ ಪುಟ್ಟದೊಂದು ಗಡಿಯಾರ ಟಿಕ್ ಎನ್ನುತ್ತದೆ. ಈ ಕಾರು ನಿಶ್ಶಬ್ದವಾಗಿದೆ ಎಂದು ಹೇಳುವ ಪದ ಅದರಲ್ಲಿ ಎಲ್ಲಿಯೂ ಇಲ್ಲ. ಮೌನ, ನೀರವ, ನಿಶ್ಶಬ್ದ, ಸದ್ದಿಲ್ಲದ ಎಂದು ಕನ್ನಡದಲ್ಲಿ ಎಷ್ಟು ಬೇಕಾದರೂ ಪದಗಳಿವೆ; ಅವುಗಳಲ್ಲಿ ಯಾವುದನ್ನು ಬಳಸಿದರೂ ತಲೆಬರಹ ಸಪ್ಪೆಯಾಗುತ್ತದೆ. ಒಂದು ಸಣ್ಣ ಸದ್ದನ್ನು ಹೇಳಿದ್ದರಿಂದಲೇ ಅಲ್ಲಿ ದೊಡ್ಡ ಮೌನ ಉಂಟಾಗಿದೆ.

ಈ ಸಾಲು ಓಗಿಲ್ವಿಯವರ ಕಲ್ಪನೆಯಿಂದ ಹುಟ್ಟಿದ್ದಲ್ಲ ಎಂಬುದು ನನಗೆ ಅದರ ಬಗ್ಗೆ ಅತ್ಯಂತ ಪ್ರಿಯವಾದ ಸಂಗತಿ. ಅವರು ಒಂದು ಪದ ಬರೆಯುವ ಮೊದಲು ಮೂರು ವಾರ ಆ ಕಾರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದರು. ಬ್ರಿಟನ್ನಿನ ‘ದ ಮೋಟಾರ್’ ಪತ್ರಿಕೆಯ ತಾಂತ್ರಿಕ ಸಂಪಾದಕರು ಕಾರನ್ನು ಓಡಿಸಿ ನೋಡಿ ಬರೆದ ವರದಿಯಲ್ಲಿ ಗಡಿಯಾರದ ಆ ಮಾತು ಸಿಕ್ಕಿತು. ಇಂಥದೇ ಮಾತು 1933ರಲ್ಲಿ ಪಿಯರ್ಸ್-ಆ್ಯರೋ ಎಂಬ ಅಮೆರಿಕನ್ ಕಾರಿನ ಜಾಹೀರಾತಿನಲ್ಲಿಯೂ ಬಂದಿತ್ತು. ಆದ್ದರಿಂದ ಹೊಸತನದ ಕೀರ್ತಿ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಯನ್ನು ನಾನು ಬದಿಗಿಡುತ್ತೇನೆ. ತಲೆಬರಹದ ಕೆಳಗೆ ಓಗಿಲ್ವಿ ಏನು ಮಾಡಿದರು ಎಂಬುದೇ ಹೆಚ್ಚು ಮುಖ್ಯ.

ಅಲ್ಲಿ ಅವರು ಸಂಖ್ಯೆ ಹಾಕಿ ಹದಿಮೂರು ಸಂಗತಿಗಳನ್ನು ಬರೆದರು. ಅದರಲ್ಲಿ ಒಂದೂ ಹೊಗಳಿಕೆಯಲ್ಲ, ಎಲ್ಲವೂ ಕೆಲಸದ ವಿವರ. ಪ್ರತಿಯೊಂದು ಎಂಜಿನ್ನನ್ನೂ ಕಾರಿಗೆ ಕೂರಿಸುವ ಮೊದಲು ಪೂರ್ಣ ಥ್ರಾಟಲ್‌ನಲ್ಲಿ ಏಳು ಗಂಟೆ ಓಡಿಸುತ್ತಾರೆ ಎಂದಿದೆ. ಮೂರು ಸೈಲೆನ್ಸರುಗಳು ಬೇರೆಬೇರೆ ಶಬ್ದಾವರ್ತಗಳನ್ನು ಅಡಗಿಸುತ್ತವೆ ಎಂದಿದೆ. ಅಸ್ತರಿನ ಬಣ್ಣ ಐದು ಪದರ, ಅದರ ಮೇಲೆ ಅಂತಿಮ ಬಣ್ಣ ಒಂಬತ್ತು ಪದರ ಎಂದಿದೆ. ಸಿದ್ಧವಾದ ಕಾರು ಒಂದು ವಾರ ಪರೀಕ್ಷಾ ಶಾಲೆಯಲ್ಲಿದ್ದು 98 ಬಗೆಯ ಪರೀಕ್ಷೆಗಳಿಗೆ ಒಳಗಾಗುತ್ತದೆ ಎಂದು ಹೇಳುವಾಗ ಅವರು ಒಂದು ಉದಾಹರಣೆ ಕೊಡುತ್ತಾರೆ: ಆ್ಯಕ್ಸಲ್ಲಿನ ಕೂಗನ್ನು ಪತ್ತೆಹಚ್ಚಲು ಎಂಜಿನಿಯರುಗಳು ಸ್ಟೆತಸ್ಕೋಪ್ ಇಟ್ಟು ಆಲಿಸುತ್ತಾರೆ.

ಈ ಸಾಲನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕುಳಿತಿದ್ದೆ. ಲಾರಿಯ ಹಿಂದಿನ ಆ್ಯಕ್ಸಲ್ಲಿನ ಹೌಸಿಂಗಿನೊಳಗೆ ಕ್ರೌನ್-ಪಿನಿಯನ್ ಎಂಬ ಗೇರುಗಳ ಹಲ್ಲುಗಳು ಸರಿಯಾಗಿ ಕೂರದಿದ್ದರೆ ಬರುವ ಆ ಊಳಿಡುವ ಸದ್ದನ್ನು ನಮ್ಮ ಗ್ಯಾರೇಜಿನಲ್ಲಿ ಕ್ರೌನ್ ಸದ್ದು ಎನ್ನುತ್ತಿದ್ದರು. ಮಾವನ ಸ್ಕ್ರೂಡ್ರೈವರ್ ಎಷ್ಟೋ ಸಲ ಹುಡುಕಿದ್ದು ಅದನ್ನೇ. ಇಂಗ್ಲೆಂಡಿನ ಕಾರ್ಖಾನೆಯಲ್ಲಿ ಬಿಳಿ ಕೋಟು ತೊಟ್ಟವರೂ ಶಿವಮೊಗ್ಗದಲ್ಲಿ ಗ್ರೀಸು ಮೆತ್ತಿದ ಬನಿಯನ್ ತೊಟ್ಟ ಮಾವನೂ ಒಂದೇ ಭಾಗಕ್ಕೆ ಕಿವಿ ಕೊಟ್ಟಿದ್ದರು. ಅಂದಿನಿಂದ ಐಷಾರಾಮಿ ಕಾರುಗಳ ವಿನ್ಯಾಸವನ್ನೂ ಅವುಗಳ ಪ್ರಚಾರವನ್ನೂ ನಾನು ಈ ಒಂದೇ ಎಳೆ ಹಿಡಿದು ನೋಡುತ್ತಾ ಬಂದಿದ್ದೇನೆ: ಇವರು ಮೌನವನ್ನು ಹೇಗೆ ತಯಾರಿಸಿದರು, ಹೇಗೆ ಮಾರಿದರು?

ರೋಲ್ಸ್-ರಾಯ್ಸ್ ಕಂಪನಿ ಹುಟ್ಟಿದ್ದೇ ಸದ್ದಿನ ಮೇಲಿನ ಅಸಮಾಧಾನದಿಂದ. ಹೆನ್ರಿ ರಾಯ್ಸ್ ಮ್ಯಾಂಚೆಸ್ಟರಿನ ಕುಕ್ ಸ್ಟ್ರೀಟಿನಲ್ಲಿ ಡೈನಮೊ ಮತ್ತು ವಿದ್ಯುತ್ ಕ್ರೇನುಗಳನ್ನು ಮಾಡುತ್ತಿದ್ದ ಎಂಜಿನಿಯರ್. ಅವರು ಡೆಕೊವಿಲ್ ಎಂಬ ಫ್ರೆಂಚ್ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡು, ಅದರ ಕುಂದುಕೊರತೆಗಳಿಂದ ಬೇಸತ್ತು, ತಾವೇ ಎರಡು ಸಿಲಿಂಡರಿನ ಕಾರೊಂದನ್ನು ಕಟ್ಟಿದರು. ಚಾರ್ಲ್ಸ್ ರೋಲ್ಸ್ ಲಂಡನ್ನಿನಲ್ಲಿ ವಿದೇಶಿ ಕಾರುಗಳನ್ನು ತರಿಸಿ ಶ್ರೀಮಂತರಿಗೆ ಮಾರುತ್ತಿದ್ದ ಯುವಕ. ಎರಡು ಸಿಲಿಂಡರಿನ ಎಂಜಿನ್ನು ಎಂದರೆ ನಡುಕ, ಗದ್ದಲ ಎಂದೇ ಅವರು ತಿಳಿದಿದ್ದರು. 1904ರ ಮೇ 4ರಂದು ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಇಬ್ಬರೂ ಭೇಟಿಯಾದರು. ರಾಯ್ಸ್ ಕಟ್ಟಿದ ಕಾರಿನಲ್ಲಿ ಕುಳಿತು ಬಂದ ರೋಲ್ಸ್ ಅದು ಎಷ್ಟು ನಯವಾಗಿ ಓಡುತ್ತದೆಂದು ಕಂಡು, ಆ ಕಾರುಗಳನ್ನು ಮಾರುವ ಹೊಣೆ ಹೊತ್ತರು. ಮಾಡುವವನ ಹಟ ಮತ್ತು ಮಾರುವವನ ಕಿವಿ ಒಂದೇ ದಿನ ಒಂದೇ ಕಾರಿನಲ್ಲಿ ಕುಳಿತದ್ದು ಅಂದು.

ಪ್ರಚಾರದ ನಿಜವಾದ ಪ್ರತಿಭೆ ಮೂರನೆಯವರದು. ರೋಲ್ಸ್-ರಾಯ್ಸ್ ಹೆಸರಿನ ನಡುವಿನ ಆ ಸಣ್ಣ ಅಡ್ಡಗೆರೆ ತಾವೇ ಎಂದು ಹೆಸರಾದ ಕಂಪನಿಯ ವ್ಯವಸ್ಥಾಪಕ ಕ್ಲಾಡ್ ಜಾನ್ಸನ್, 1907ರಲ್ಲಿ 40/50 ಅಶ್ವಶಕ್ತಿಯ ಹೊಸ ಮಾದರಿಯ ಒಂದು ಕಾರಿಗೆ ಬೆಳ್ಳಿಯ ಬಣ್ಣ ಬಳಿಸಿ, ದೀಪ ಮತ್ತಿತರ ಸಾಮಗ್ರಿಗಳಿಗೆ ಬೆಳ್ಳಿಯ ಲೇಪ ಕೊಡಿಸಿ, ‘ದ ಸಿಲ್ವರ್ ಘೋಸ್ಟ್’ ಎಂಬ ಫಲಕ ಹಾಕಿಸಿದರು. ಬೆಳ್ಳಿಯ ಪ್ರೇತ ಎಂದರ್ಥ. ಸಪ್ಪಳವಿಲ್ಲದೆ ಬಂದು ಸಪ್ಪಳವಿಲ್ಲದೆ ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ಹೋಲಿಕೆ ಇರಲಾರದು. ಹೆಸರಿಟ್ಟು ಸುಮ್ಮನಾಗಲಿಲ್ಲ. ರಾಯಲ್ ಆಟೊಮೊಬೈಲ್ ಕ್ಲಬ್ಬಿನ ವೀಕ್ಷಕರ ಕಣ್ಗಾವಲಿನಲ್ಲಿ ಆ ಕಾರನ್ನು 15,000 ಮೈಲಿ ಓಡಿಸಿದರು. ಅದರಲ್ಲಿ 14,371 ಮೈಲಿ ಯಾವ ದೋಷದಿಂದಲೂ ನಿಲ್ಲದೆ ಓಡಿತು. ಅದಕ್ಕೆ ಮೊದಲು ನಿಂತದ್ದು ಒಂದೇ ಸಲ, ಅದೂ ಪೆಟ್ರೋಲಿನ ನಲ್ಲಿ ಕುಲುಕಾಟಕ್ಕೆ ತಾನಾಗಿ ಮುಚ್ಚಿಕೊಂಡದ್ದರಿಂದ. ಜಗತ್ತಿನ ಅತ್ಯುತ್ತಮ ಕಾರು ಎಂಬ ಘೋಷಣೆಯನ್ನು ಕಂಪನಿ ಹೊತ್ತು ಮೆರೆದದ್ದು ಇಂಥ ಓಟಗಳ ಬೆನ್ನಮೇಲೆ. ಇಂದಿನ ಬಾಯಿಮಾತಿನ ಘೋಷಣೆಗಳ ನಡುವೆ ಕೆಲಸ ಮಾಡುವ ನನಗೆ ಈ ಕ್ರಮವನ್ನು ಕಂಡರೆ ಗೌರವ ಹುಟ್ಟುತ್ತದೆ.

ಹೆಸರುಗಳ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಆ ಮೇಲೆ ಬಂದ ಫ್ಯಾಂಟಮ್, ರೇತ್, ಶ್ಯಾಡೋ, ಸ್ಪೆಕ್ಟರ್ ಎಲ್ಲವೂ ಭೂತಪ್ರೇತಗಳ, ನೆರಳುಗಳ ಹೆಸರುಗಳೇ. ಹೊಸ ವಾಹನ ಕೊಂಡರೆ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು ಇಂಥವುಗಳನ್ನೆಲ್ಲ ದೂರವಿಡುವ ನಾವು ಈ ಹೆಸರುಗಳನ್ನು ಕನ್ನಡಕ್ಕೆ ತಂದು ಮಾರಲು ಸಾಧ್ಯವೇ ಇಲ್ಲ. ಹೆಸರಿನ ಭಾಷಾಂತರದ ಕಷ್ಟ ಅವರಿಗೂ ಎದುರಾಗಿತ್ತು. 1965ರ ಸಿಲ್ವರ್ ಶ್ಯಾಡೋ ಕಾರಿಗೆ ಮೊದಲು ಸಿಲ್ವರ್ ಮಿಸ್ಟ್ ಎಂದು ಹೆಸರಿಡುವ ಯೋಚನೆಯಿತ್ತು. ಇಂಗ್ಲಿಷಿನಲ್ಲಿ ಮಂಜು ಎಂಬ ಅರ್ಥದ ಆ ಪದಕ್ಕೆ ಜರ್ಮನ್ ಭಾಷೆಯಲ್ಲಿ ಸಗಣಿ ಎಂಬ ಅರ್ಥವಿರುವುದರಿಂದ ಅದನ್ನು ಕೈಬಿಟ್ಟರು.

ಕಾರಿನ ಮೂತಿಯ ಮೇಲಿನ ಆ ಪ್ರಸಿದ್ಧ ಮೂರ್ತಿಯ ಮೂಲದಲ್ಲಿಯೂ ಮೌನವಿದೆ. ಶಿಲ್ಪಿ ಚಾರ್ಲ್ಸ್ ಸೈಕ್ಸ್ ಮೊದಲು ಒಂದು ಖಾಸಗಿ ಮೂರ್ತಿಯನ್ನು ಮಾಡಿದ್ದು ಬ್ಯೂಲಿಯ ಲಾರ್ಡ್ ಮಾಂಟೆಗ್ಯೂ ಅವರ ಕಾರಿಗಾಗಿ. ಹಾರಾಡುವ ಉಡುಗೆಯ ಒಬ್ಬ ಹೆಣ್ಣು ತುಟಿಯ ಮೇಲೆ ಬೆರಳಿಟ್ಟು ನಿಂತಿರುವ ಮೂರ್ತಿಯದು, ಹೆಸರು ‘ದ ವಿಸ್ಪರ್’, ಪಿಸುಮಾತು. ಅದಕ್ಕೆ ರೂಪದರ್ಶಿಯಾದವರು ಮಾಂಟೆಗ್ಯೂ ಅವರ ಕಾರ್ಯದರ್ಶಿ ಎಲೀನರ್ ಥಾರ್ನ್‌ಟನ್. ಆಗ ಕಾರಿನ ಮಾಲೀಕರು ತಮಗೆ ತೋಚಿದ ಗೊಂಬೆಗಳನ್ನು ರೇಡಿಯೇಟರಿನ ಮುಚ್ಚಳಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಅವುಗಳ ಅಂದಗೇಡಿತನ ಕಂಡು ಸಹಿಸಲಾರದೆ ಜಾನ್ಸನ್ ಕಂಪನಿಯದೇ ಒಂದು ಮೂರ್ತಿಯನ್ನು ಮಾಡಿಕೊಡುವಂತೆ ಸೈಕ್ಸ್ ಅವರನ್ನು ಕೇಳಿದರು. ಹಾಗೆ 1911ರಲ್ಲಿ ಬಂದದ್ದು ‘ಸ್ಪಿರಿಟ್ ಆಫ್ ಎಕ್ಸ್‌ಟಸಿ’. ಇದಕ್ಕೂ ಥಾರ್ನ್‌ಟನ್ ಅವರೇ ಸ್ಫೂರ್ತಿ ಎನ್ನುತ್ತಾರೆ. ಬೆರಳು ತುಟಿಯಿಂದ ಇಳಿದಿದೆ, ಎರಡೂ ತೋಳುಗಳು ಹಿಂದಕ್ಕೆ ಚಾಚಿವೆ, ಉಡುಗೆ ರೆಕ್ಕೆಯಾಗಿದೆ.

ಈ ಮೂರ್ತಿಯ ಕಥೆ ಭಾರತದ ದಾರಿಯಲ್ಲಿ ದುಃಖಕ್ಕೆ ತಿರುಗುತ್ತದೆ. ಮೊದಲ ಮಹಾಯುದ್ಧದ ಸಮಯದಲ್ಲಿ ಮಾಂಟೆಗ್ಯೂ ಅವರನ್ನು ಇಲ್ಲಿನ ಯಾಂತ್ರಿಕ ಸಾರಿಗೆಯ ಸಲಹೆಗಾರರನ್ನಾಗಿ ನೇಮಿಸಿದಾಗ, ಅವರೊಂದಿಗೆ ಹೊರಟ ಥಾರ್ನ್‌ಟನ್ ಎಸ್.ಎಸ್. ಪರ್ಷಿಯಾ ಹಡಗಿನಲ್ಲಿದ್ದರು. 1915ರ ಡಿಸೆಂಬರ್ 30ರಂದು ಕ್ರೀಟ್ ದ್ವೀಪದ ಸಮೀಪ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ತಗುಲಿ ಹಡಗು ಮುಳುಗಿತು. ಮಾಂಟೆಗ್ಯೂ ಬದುಕಿ ಉಳಿದರು, ಥಾರ್ನ್‌ಟನ್ ಉಳಿಯಲಿಲ್ಲ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಎಂದಾದರೊಮ್ಮೆ ಆ ಕಾರು ನನ್ನ ಪಕ್ಕದಲ್ಲಿ ನಿಂತಾಗ ಅದರ ಬೆಲೆಗಿಂತ ಮೊದಲು ನನಗೆ ನೆನಪಾಗುವುದು ಈ ನಾಡನ್ನು ತಲುಪದೆ ಹೋದ ಆ ಹೆಣ್ಣುಮಗಳು.

ಮೂರ್ತಿಯ ಕೆಳಗಿನ ಗ್ರಿಲ್ ಅನ್ನೂ ಹತ್ತಿರದಿಂದ ನೋಡಬೇಕು. ಗ್ರೀಕ್ ದೇವಾಲಯದ ಮುಂಭಾಗವನ್ನು ನೆನಪಿಸುವ ಆ ಚೌಕಟ್ಟಿನ ಮೇಲ್ಮೈಗಳು ನೋಡಲು ಚಪ್ಪಟೆ, ಗೆರೆಗಳು ನೇರ. ವಾಸ್ತವದಲ್ಲಿ ಅವು ಅತ್ಯಲ್ಪವಾಗಿ ಉಬ್ಬಿವೆ. ಪೂರಾ ನೇರವಾದ ಹೊಳೆಯುವ ಫಲಕ ಕಣ್ಣಿಗೆ ಒಳಕ್ಕೆ ತಗ್ಗಿದಂತೆ ಕಾಣುತ್ತದೆ; ಅದನ್ನು ಸರಿದೂಗಿಸಲು ಗ್ರೀಕರು ಕಂಬಗಳನ್ನು ನಡುವೆ ಕೊಂಚ ಉಬ್ಬಿಸುತ್ತಿದ್ದರು, ಇವರು ಅದೇ ಉಪಾಯವನ್ನು ಲೋಹದಲ್ಲಿ ಅನುಸರಿಸಿದರು. ದಶಕಗಳ ಕಾಲ ಇದನ್ನು ಕೈಯಿಂದಲೇ, ಕಣ್ಣಳತೆಯಲ್ಲಿಯೇ ಮಾಡಿದರು. ಸದ್ದನ್ನು ಅಡಗಿಸುವಲ್ಲಿ ಇದ್ದ ಎಚ್ಚರವೇ ಇಲ್ಲಿ ಬೆಳಕಿನ ಮೇಲೆ ಕೆಲಸ ಮಾಡಿದೆ: ಮಾಡಿದ್ದು ಕಾಣಬಾರದು, ಆದರೆ ಮಾಡದಿದ್ದರೆ ಕೊರತೆ ಕಾಣುತ್ತದೆ.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳ ಸಂಗ್ರಹವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಅಂಥ ಕಡೆ ಮಿಂಚುವ ಮಡ್ಗಾರ್ಡು, ದೊಡ್ಡ ದೀಪ, ಚರ್ಮದ ಆಸನ ಎಲ್ಲವೂ ಕಣ್ತುಂಬುತ್ತವೆ. ಆದರೆ ನಿಂತ ಕಾರುಗಳೆಲ್ಲ ಒಂದೇ ಸಮನಾಗಿ ಮೌನವಾಗಿರುತ್ತವೆ. ಅವುಗಳಲ್ಲಿ ಯಾವುದು ಗೊರಗೊರ ಎನ್ನುತ್ತಿತ್ತು, ಯಾವುದು ಪಕ್ಕದಲ್ಲಿ ಹಾದುಹೋದರೂ ಗೊತ್ತಾಗುತ್ತಿರಲಿಲ್ಲ ಎಂಬುದನ್ನು ತಿಳಿಯುವ ದಾರಿಯಿಲ್ಲ. ಹಾಗಾಗಿಯೇ ಮೌನವನ್ನು ಮಾರುವುದು ಜಾಹೀರಾತುದಾರರಿಗೆ ಅಷ್ಟು ಕಷ್ಟದ ಕೆಲಸ. ಚಿತ್ರ ತೆಗೆದು ತೋರಿಸಲು ಅದಕ್ಕೆ ರೂಪವಿಲ್ಲ.

ಆ ಕಷ್ಟವನ್ನು ಓಗಿಲ್ವಿಯ ನಂತರ ಅತ್ಯಂತ ಸೊಗಸಾಗಿ ಬಿಡಿಸಿದವರು ಜಪಾನಿನವರು. 1983ರಲ್ಲಿ ಟೊಯೋಟಾದ ಮುಖ್ಯಸ್ಥ ಏಜಿ ಟೊಯೋಡಾ ಜಗತ್ತಿನ ಅತ್ಯುತ್ತಮ ಕಾರುಗಳಿಗೆ ಸವಾಲು ಹಾಕುವ ಒಂದು ಕಾರನ್ನು ನಾವು ಮಾಡಬಲ್ಲೆವೇ ಎಂದು ತಮ್ಮವರನ್ನು ಕೇಳಿದರು. ಆರು ವರ್ಷಗಳ ನಂತರ, 1989ರ ಜನವರಿಯಲ್ಲಿ, ಡೆಟ್ರಾಯಿಟ್ ಪ್ರದರ್ಶನದಲ್ಲಿ ಲೆಕ್ಸಸ್ ಎಲ್‌ಎಸ್ 400 ಕಾಣಿಸಿಕೊಂಡಿತು. ಮುಖ್ಯ ಎಂಜಿನಿಯರ್ ಇಚಿರೊ ಸುಝುಕಿ ಅವರ ತಂಡ ಸುಮಾರು 450 ಮಾದರಿ ಕಾರುಗಳನ್ನು ಕಟ್ಟಿ ಪರೀಕ್ಷಿಸಿತ್ತು. ಸದ್ದು ಬಂದ ಮೇಲೆ ಹೊದಿಕೆ ಹೊದೆಸಿ ಮುಚ್ಚುವುದಕ್ಕಿಂತ ಅದು ಹುಟ್ಟುವ ಜಾಗದಲ್ಲಿಯೇ ಅದನ್ನು ನಿವಾರಿಸಬೇಕು ಎಂಬುದು ಸುಝುಕಿಯವರ ನಿಲುವಾಗಿತ್ತು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಡಿಫರೆನ್ಷಿಯಲ್ ಇವೆಲ್ಲವನ್ನೂ ಒಂದೇ ನೇರ ಗೆರೆಯಲ್ಲಿ ಕೂರಿಸಿದ್ದು ಆ ನಿಲುವಿನ ಫಲ. ಜಾಯಿಂಟು ಓರೆಯಾದಷ್ಟೂ ಶಾಫ್ಟು ನಡುಗುತ್ತದೆ ಎಂಬುದು ಲಾರಿ ರಿಪೇರಿ ಮಾಡುವ ಯಾರಿಗಾದರೂ ಗೊತ್ತಿರುವ ಸತ್ಯ. ಆ ಓರೆಯನ್ನೇ ತೆಗೆದುಹಾಕಲು ಇಡೀ ಕಾರಿನ ನಡುಗೆರೆಯನ್ನು ಹೊಸದಾಗಿ ಎಳೆಯುವುದು ಬೇರೆಯೇ ಮಟ್ಟದ ಹಟ.

ಈ ಕಾರಿನ ಟಿವಿ ಜಾಹೀರಾತನ್ನು ನಾನು ಕಿರಿಯರಿಗೆ ಪಾಠ ಹೇಳುವಾಗ ತಪ್ಪದೆ ತೋರಿಸುತ್ತೇನೆ. ಕಾರು ರೋಲರುಗಳ ಮೇಲೆ ನಿಂತಿದೆ. ಬಾನೆಟ್ಟಿನ ಮೇಲೆ ಶಾಂಪೇನ್ ಲೋಟಗಳನ್ನು ಒಂದರ ಮೇಲೊಂದು ಗೋಪುರದಂತೆ ಜೋಡಿಸಿದ್ದಾರೆ. ಎಂಜಿನ್ ಚಾಲೂ ಆಗುತ್ತದೆ, ಚಕ್ರಗಳು ತಿರುಗುತ್ತವೆ, ಗಂಟೆಗೆ 145 ಮೈಲಿಗೆ ಸಮನಾದ ವೇಗದ ತನಕ ಕಾರು ಏರುತ್ತದೆ. ಲೋಟಗಳು ಅಲುಗುವುದಿಲ್ಲ, ಒಂದು ಹನಿ ಚೆಲ್ಲುವುದಿಲ್ಲ. ಓಗಿಲ್ವಿ ಗಡಿಯಾರದಿಂದ ಕಿವಿಗೆ ತಿಳಿಸಿದ್ದನ್ನು ಇವರು ಲೋಟಗಳಿಂದ ಕಣ್ಣಿಗೆ ತಿಳಿಸಿದರು. ಎರಡರಲ್ಲಿಯೂ ಜಾಹೀರಾತು ಬರೆದವರು ಎಂಜಿನಿಯರುಗಳ ಕೆಲಸದ ಹತ್ತಿರ ಹೋಗಿ, ಅಲ್ಲಿ ಈಗಾಗಲೇ ಇದ್ದದ್ದನ್ನು ಎತ್ತಿ ತಂದಿದ್ದಾರೆ. ಆ ವರ್ಷದ ಕೊನೆಯಲ್ಲಿ ಕೆಲವು ದೋಷಗಳು ಕಂಡುಬಂದಾಗ ಕಂಪನಿ ಸುಮಾರು 8,000 ಕಾರುಗಳನ್ನು ಹಿಂದಕ್ಕೆ ಕರೆಯಿತು. ಮಾಲೀಕರ ಮನೆಗಳಿಗೇ ಹೋಗಿ ಕಾರುಗಳನ್ನು ತಂದು, ಸರಿಪಡಿಸಿ, ತೊಳೆದು, ಟ್ಯಾಂಕ್ ತುಂಬಿಸಿ ಹಿಂದಿರುಗಿಸಿದರು. ಹೊಸ ಹೆಸರಿಗೆ ಕಳಂಕವಾಗಬಹುದಾಗಿದ್ದ ಘಟನೆಯೇ ಅದರ ಅತ್ಯುತ್ತಮ ಪ್ರಚಾರವಾಯಿತು.

ಅದೇ ವರ್ಷ ನಿಸ್ಸಾನ್ ಕಂಪನಿ ಇನ್ಫಿನಿಟಿ ಎಂಬ ಐಷಾರಾಮಿ ಹೆಸರನ್ನು ಅಮೆರಿಕಕ್ಕೆ ತಂದಿತು. ಅದರ ಕ್ಯೂ45 ಒಳ್ಳೆಯ ಕಾರೇ ಆಗಿತ್ತು. ಆದರೆ ಮೊದಲ ಜಾಹೀರಾತುಗಳಲ್ಲಿ ಕಾರನ್ನೇ ತೋರಿಸಲಿಲ್ಲ. ಬಂಡೆ, ಮರ, ನೀರು, ಜೊತೆಗೆ ಶಾಂತ ದನಿಯಲ್ಲಿ ಕೆಲವು ಮಾತುಗಳು. ಅವೂ ಒಂದು ಬಗೆಯಲ್ಲಿ ಮೌನವನ್ನೇ ಮಾರಲು ಹೊರಟಿದ್ದವು, ಛಾಯಾಗ್ರಹಣ ಬಹಳ ಸುಂದರವಾಗಿಯೂ ಇತ್ತು. ಎಲ್ಲರೂ ಅವುಗಳ ಬಗ್ಗೆ ಮಾತಾಡಿದರು, ಮಾರಾಟದಲ್ಲಿ ಮಾತ್ರ ಲೆಕ್ಸಸ್ ಬಹಳ ಮುಂದೆ ಹೋಯಿತು. ಬಂಡೆಯ ಮೌನ ಬಂಡೆಯದು. ಅದನ್ನು ಕಾರಿಗೆ ದಾಟಿಸುವ ಕೊಂಡಿ ಅಲ್ಲಿರಲಿಲ್ಲ.

ನಮ್ಮ ದೇಶದ ಟಾಟಾ ಸಮೂಹ 2008ರಲ್ಲಿ ಕೊಂಡ ಜಾಗ್ವಾರ್, 2024ರ ನವೆಂಬರಿನಲ್ಲಿ ತನ್ನ ಹೊಸ ರೂಪವನ್ನು ಪ್ರಕಟಿಸಲು ಬಿಡುಗಡೆ ಮಾಡಿದ ವಿಡಿಯೊ ನೋಡಿದಾಗ ನನಗೆ ಈ ಬಂಡೆಗಳೇ ನೆನಪಾದವು. ಗಾಢ ಬಣ್ಣದ ಉಡುಪು ತೊಟ್ಟ ಜನರಿದ್ದರು, ಹೊಸ ಅಕ್ಷರವಿನ್ಯಾಸವಿತ್ತು, ಯಾವುದನ್ನೂ ನಕಲು ಮಾಡಬೇಡಿ ಎಂಬ ಘೋಷಣೆಯಿತ್ತು, ಕಾರು ಇರಲಿಲ್ಲ. ಟೈಪ್ 00 ಎಂಬ ಪರಿಕಲ್ಪನೆಯ ಕಾರು ಮಯಾಮಿಯಲ್ಲಿ ಕಂಡದ್ದು ಡಿಸೆಂಬರಿನಲ್ಲಿ. ನನ್ನ ವೃತ್ತಿಯವರು ಇದನ್ನು ಧೈರ್ಯವೆಂದು ಹೊಗಳಿದ್ದನ್ನೂ ಓದಿದ್ದೇನೆ. ಹಳೆಯ ಗಿರಾಕಿಗಳ ಜೊತೆಗೇ ಉಳಿದರೆ ಕಂಪನಿ ಉಳಿಯದು ಎಂಬ ಜಾಗ್ವಾರ್‌ನವರ ಆತಂಕ ನಿಜವಾದದ್ದೇ. ಆದರೆ ಇದೇ ಜಾಗ್ವಾರ್ 1961ರ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನದಲ್ಲಿ ಇ-ಟೈಪ್ ಕಾರನ್ನು ಬಿಡುಗಡೆ ಮಾಡಿದಾಗ, ಅದರಲ್ಲಿ ಒಂದು ಸುತ್ತು ಹೋಗಿಬರಲು ಜನ ಮುಗಿಬಿದ್ದರು. ಸಂಸ್ಥಾಪಕ ವಿಲಿಯಂ ಲಯನ್ಸ್ ಇನ್ನೊಂದು ಕಾರನ್ನು ಕೂಡಲೇ ತರುವಂತೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದ ಕಾರ್ಖಾನೆಗೆ ಹೇಳಿಕಳಿಸಿದರು. ಪರೀಕ್ಷಾ ಚಾಲಕ ನಾರ್ಮನ್ ಡ್ಯೂಯಿಸ್ ರಾತ್ರಿಯಿಡೀ ಓಡಿಸಿಕೊಂಡು ಬೆಳಿಗ್ಗೆ ಜಿನೀವಾ ತಲುಪಿದರು. ಆ ರಾತ್ರಿಯ ಪಯಣವೇ ಆರು ದಶಕಗಳಿಂದ ಆ ಕಾರಿನ ಜಾಹೀರಾತಾಗಿ ಉಳಿದಿದೆ. ಕಾರನ್ನು ಮುಂದಿಟ್ಟುಕೊಂಡು ಮಾತಾಡುವ ಧೈರ್ಯ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ.

ಸದ್ದನ್ನೇ ಮಾರುವವರೂ ಇದ್ದಾರೆ, ಅವರ ಬಗ್ಗೆ ನನಗೆ ಅಸಡ್ಡೆಯಿಲ್ಲ. ಮೌನದಿಂದ ಹೆಸರು ಮಾಡಿದ ಲೆಕ್ಸಸ್ಸೇ ಎಲ್‌ಎಫ್‌ಎ ಎಂಬ ವಿ10 ಎಂಜಿನ್ನಿನ ಕಾರನ್ನು ಕೇವಲ 500 ಸಂಖ್ಯೆಯಲ್ಲಿ ಮಾಡಿದಾಗ, ಅದರ ದನಿಯನ್ನು ತಿದ್ದಲು ಪಿಯಾನೊ ತಯಾರಿಸುವ ಯಮಾಹಾ ಕಂಪನಿಯ ನೆರವು ಪಡೆಯಿತು. ಅದೂ ಆಲಿಸುವ ಕೆಲಸವೇ. ನನಗೆ ಸರಿಕಾಣದ್ದು, ಎಂಜಿನ್ನಿನ ಸದ್ದನ್ನು ಸ್ಪೀಕರಿನ ಮೂಲಕ ಒಳಗೆ ಕೇಳಿಸುವ ಉಪಾಯ. 2011ರ ಬಿಎಂಡಬ್ಲ್ಯು ಎಂ5 ಈ ದಾರಿ ಹಿಡಿಯಿತು. ಮೌನವನ್ನು ಅಷ್ಟು ಕಷ್ಟಪಟ್ಟು ಕಟ್ಟಿ, ಅದರ ಮೇಲೆ ಧ್ವನಿಮುದ್ರಿಕೆ ಹಾಕಿದಂತೆ ಅದು.

ಮೌನ ತುಸು ಹೆಚ್ಚಾದರೆ ಏನಾಗುತ್ತದೆ ಎಂಬ ಪ್ರಶ್ನೆ ರೋಲ್ಸ್-ರಾಯ್ಸ್‌ಗೇ ಎದುರಾಯಿತು. 2020ರ ಹೊಸ ಘೋಸ್ಟ್ ಕಾರಿನಲ್ಲಿ ಅವರು 100 ಕಿಲೋಗ್ರಾಂಗಿಂತ ಹೆಚ್ಚು ತೂಕದ ಶಬ್ದನಿರೋಧಕ ಸಾಮಗ್ರಿ ಬಳಸಿದ್ದರು, ನೆಲವನ್ನೂ ಎಂಜಿನ್ನಿನ ಹಿಂದಿನ ಗೋಡೆಯನ್ನೂ ಎರಡು ಪದರಗಳಲ್ಲಿ ಕಟ್ಟಿದ್ದರು. ಒಳಗೆ ಕುಳಿತವರಿಗೆ ಆ ಸಂಪೂರ್ಣ ಮೌನ ಮುಜುಗರ ತರಿಸಿತು, ದಿಕ್ಕು ತಪ್ಪಿದಂತೆ ಅನ್ನಿಸಿತು. ಆಗ ಎಂಜಿನಿಯರುಗಳು ಆಸನದ ಚೌಕಟ್ಟಿನಿಂದ ಹಿಡಿದು ಪ್ರತಿಯೊಂದು ಭಾಗದ ಕಂಪನವನ್ನೂ ಅಳೆದು, ಎಲ್ಲವೂ ಒಂದೇ ಶ್ರುತಿಯಲ್ಲಿ ಮಿಡಿಯುವಂತೆ ಹೊಂದಿಸಿದರು. ಡಿಕ್ಕಿಯ ಟೊಳ್ಳಿನ ದನಿ ಅದಕ್ಕೆ ಹೊಂದದಿದ್ದಾಗ ಹಿಂಬದಿಯ ಹಲಗೆಯ ಕೆಳಗೆ ಕಿಂಡಿಗಳನ್ನು ಬಿಟ್ಟರು. ಕೊನೆಗೆ ಉಳಿದದ್ದು ಒಂದು ಮೆಲುವಾದ ಆಧಾರಸ್ವರ. ತಂಬೂರಿಯ ಶ್ರುತಿ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಪನಿಯವರು ಅದನ್ನು ಪಿಸುಮಾತು ಎಂದು ಕರೆದರು. ಸೈಕ್ಸ್ ಮಾಡಿದ ಮೊದಲ ಮೂರ್ತಿಯ ಹೆಸರು, ನೂರಹತ್ತು ವರ್ಷಗಳ ನಂತರ, ಕಾರಿನ ಒಳಗೆ ಬಂದು ಕುಳಿತಿತು.

ಈಗ ಎಂಜಿನ್ನೇ ಇಲ್ಲದ ಕಾಲ ಬಂದಿದೆ. 1900ರಲ್ಲಿಯೇ ಚಾರ್ಲ್ಸ್ ರೋಲ್ಸ್ ಎಲೆಕ್ಟ್ರಿಕ್ ಕಾರನ್ನು ಓಡಿಸಿ, ಅದರಲ್ಲಿ ಸದ್ದಿಲ್ಲ, ವಾಸನೆಯಿಲ್ಲ, ನಡುಕವಿಲ್ಲ, ಚಾರ್ಜು ಮಾಡುವ ಕೇಂದ್ರಗಳು ಆದಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ ಎಂಬರ್ಥದ ಮಾತು ಹೇಳಿದ್ದರು. ಅವರ ಹೆಸರಿನ ಕಂಪನಿ ಸ್ಪೆಕ್ಟರ್ ಎಂಬ ಪೂರ್ಣ ಎಲೆಕ್ಟ್ರಿಕ್ ಕಾರನ್ನು ಗಿರಾಕಿಗಳ ಕೈಗೆ ಕೊಟ್ಟದ್ದು 2023ರಲ್ಲಿ. ಅಷ್ಟು ಹೊತ್ತಿಗೆ ಮೌನ ಅಗ್ಗವಾಗಿತ್ತು. ಬೆಂಗಳೂರಿನ ಸಾಮಾನ್ಯ ಎಲೆಕ್ಟ್ರಿಕ್ ಟ್ಯಾಕ್ಸಿಯ ಮೋಟರು ಕೂಡ ಹಳೆಯ ಐಷಾರಾಮಿ ಎಂಜಿನ್ನುಗಳಿಗಿಂತ ಕಡಿಮೆ ಸದ್ದು ಮಾಡುತ್ತದೆ. ಪಾದಚಾರಿಗಳಿಗೆ ಗೊತ್ತಾಗಲೆಂದು ನಿಧಾನ ವೇಗದಲ್ಲಿ ಇಂಥ ಕಾರುಗಳು ಸದ್ದು ಮಾಡಲೇಬೇಕೆಂದು ಯುರೋಪಿನಲ್ಲಿ ಕಾನೂನೇ ಬಂದಿದೆ. ಬಿಎಂಡಬ್ಲ್ಯು ತನ್ನ ಎಲೆಕ್ಟ್ರಿಕ್ ಕಾರುಗಳ ದನಿಗಾಗಿ ಸಿನಿಮಾ ಸಂಗೀತ ಸಂಯೋಜಕ ಹಾನ್ಸ್ ಝಿಮ್ಮರ್ ಅವರನ್ನು ಕರೆಸಿಕೊಂಡಿದೆ.

ಕಳೆದ ದೀಪಾವಳಿಗೆ ಮಾವ ಬೆಂಗಳೂರಿಗೆ ಬಂದಿದ್ದರು. ಅವರಿಗೀಗ ಎಪ್ಪತ್ತೆಂಟು. ಜಯನಗರದಿಂದ ಮಲ್ಲೇಶ್ವರಕ್ಕೆ ಹೋಗಲು ನಾನು ಕರೆಸಿದ್ದು ಒಂದು ಎಲೆಕ್ಟ್ರಿಕ್ ಟ್ಯಾಕ್ಸಿ. ಅವರು ಮುಂದಿನ ಸೀಟಿನಲ್ಲಿ ಕುಳಿತು, ಗಾಡಿ ಚಾಲೂ ಆಯಿತೇ ಇಲ್ಲವೇ ಎಂದು ಒಮ್ಮೆ ಡ್ರೈವರನ್ನು ಕೇಳಿದರು. ಅದು ಹೊರಟ ಮೇಲೆ ಮಾತು ನಿಲ್ಲಿಸಿದರು. ಸೌತ್ ಎಂಡ್ ವೃತ್ತ ದಾಟುವವರೆಗೂ ಸುಮ್ಮನಿದ್ದು, ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಚಪ್ಪಟೆಯಾಗಿಟ್ಟು ಕಣ್ಣು ಮುಚ್ಚಿದರು. ನಿದ್ದೆ ಬಂತೇನೋ ಎಂದುಕೊಂಡು ನಾನು ಕಿಟಕಿಯ ಗಾಜು ಏರಿಸಿದೆ.

‘ಎಡಗಡೆ ಮುಂದಿನ ವೀಲ್ ಬೇರಿಂಗ್ ಹೋಗ್ತಾ ಇದೆ,’ ಎಂದರು ಡ್ರೈವರಿಗೆ. ‘ಎಂಜಿನ್ ಇದ್ದಿದ್ರೆ ನಂಗೂ ಗೊತ್ತಾಗ್ತಿರಲಿಲ್ಲಪ್ಪ. ದೂರದ ಟ್ರಿಪ್ಪಿಗೆ ಹೋಗೋ ಮುಂಚೆ ಒಂದ್ಸಲ ತೋರಿಸ್ಕೋ.’